ಶಿಲುಬೆಯ ರಕ್ತವನ್ನು ಕೊಟ್ಟವರು ಯಾರು?

ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಕೇಳುಗ ಬಂಧುಗಳಿಗೆ ನಮಸ್ಕಾರ. ಕ್ರೈಸ್ತ ನಂಬಿಕೆಯಲ್ಲಿ ರಕ್ತದಿಂದಾಗುವ ಪ್ರಾಯಶ್ಚಿತ್ತ, ಅಂದರೆ ಪಾಪಪರಿಹಾರ, ಎಂದರೇನು ಎಂಬುದನ್ನು ತಿಳಿಯಬೇಕಾದರೆ ಒಂದೇ ಮಾತನ್ನು ಹಿಡಿದುಕೊಳ್ಳಬೇಕು: ಯೇಸು ಕ್ರಿಸ್ತನು ಶಿಲುಬೆಯ ಮೇಲೆ ಸುರಿಸಿದ ಈ ರಕ್ತ ಮನುಷ್ಯರು ದೇವರಿಗೆ ಕೊಟ್ಟದ್ದಲ್ಲ, ದೇವರೇ ಮನುಷ್ಯರಿಗೆ ಕೊಟ್ಟದ್ದು. ಬೈಬಲಿನ ಯಾಜಕಕಾಂಡ ಎಂಬ ಪುಸ್ತಕದ 17ನೆಯ ಅಧ್ಯಾಯದ 11ನೆಯ ವಚನವು ದೇಹದ ಪ್ರಾಣ ರಕ್ತದಲ್ಲಿದೆ ಎಂದು ಹೇಳಿ, ಅದನ್ನು ಯಜ್ಞವೇದಿಯ ಮೇಲೆ ನಿಮ್ಮ ದೋಷಪರಿಹಾರಕ್ಕಾಗಿ ನಾನೇ ಅನುಗ್ರಹಿಸಿದ್ದೇನೆ ಎಂಬ ದೇವರ ಮಾತನ್ನು ಬೆನ್ನಿಗೇ ಇಡುತ್ತದೆ. ಬಹಳ ಜನ ಮೊದಲರ್ಧವನ್ನು ಓದಿ ಎರಡನೆಯದನ್ನು ದಾಟಿಬಿಡುತ್ತಾರೆ.

ಯೇಸು ಶಿಲುಬೆಗೇರಿದ್ದನ್ನು ನೆನೆಯುವ ಒಂದು ಶುಭ ಶುಕ್ರವಾರ ಆರಾಧನೆ ಮುಗಿದ ಮೇಲೆ ಹಿರಿಯ ರೈತರೊಬ್ಬರು ನನ್ನನ್ನು ನಿಲ್ಲಿಸಿ, “ಪಾಸ್ಟರ್ ಸಾಹೇಬ್ರ, ದೇವಿ ಸಿಟ್ಟು ಇಳೀಲಿ ಅಂತ ನಮ್ಮೂರಾಗ ಹರಕಿ ಕುರಿ ಕೊಡತಾರ. ನಿಮ್ಮ ದೇವರಿಗೂ ಹಂಗ ಸಿಟ್ಟು ಬಂದು ಮಗನ ರಕ್ತ ಬೇಕಾತೇನ್ರಿ?” ಎಂದು ಕೇಳಿದರು. ವರ್ಷಗಟ್ಟಲೆ ಚರ್ಚಿನಲ್ಲಿ ಕುಳಿತವರೂ ಇಷ್ಟು ನೇರವಾಗಿ ಕೇಳುವುದಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕುಳಿತು ಅವರಿಗೆ ಯಾಜಕಕಾಂಡದ 16ನೆಯ ಅಧ್ಯಾಯವನ್ನು ಓದಿದೆ. ವರ್ಷಕ್ಕೊಮ್ಮೆ, ದೋಷಪರಿಹಾರಕ ದಿನದಂದು, ಇಸ್ರಾಯೇಲ್ ಜನರ ಪರವಾಗಿ ಎರಡು ಹೋತಗಳನ್ನು ತರುತ್ತಿದ್ದರು. ಒಂದನ್ನು ವಧಿಸಿ, ಅದರ ರಕ್ತವನ್ನು ಮಹಾಯಾಜಕನು ಪವಿತ್ರಸ್ಥಾನದ ತೆರೆಯೊಳಗೆ ಒಯ್ದು, ದೇವರ ಒಡಂಬಡಿಕೆಯ ಪೆಟ್ಟಿಗೆಯ ಮುಚ್ಚಳವಾದ ಕೃಪಾಸನದ ಮೇಲೂ ಅದರ ಮುಂದೆಯೂ ಚಿಮುಕಿಸಿ, ಜನರ ಅಶುದ್ಧತೆಯಿಂದ ಪವಿತ್ರಸ್ಥಾನವನ್ನು ಶುದ್ಧಗೊಳಿಸುತ್ತಿದ್ದನು. ಆಮೇಲೆ ಇನ್ನೊಂದರ ತಲೆಯ ಮೇಲೆ ಎರಡೂ ಕೈಗಳನ್ನಿಟ್ಟು, ಜನರ ಪಾಪಗಳನ್ನೆಲ್ಲ ಅರಿಕೆಮಾಡಿ, ಅದನ್ನು ಅಡವಿಗೆ ಕಳುಹಿಸುತ್ತಿದ್ದನು. “ಹಂಗಾದ್ರ ಪಾಪ ಹೊತ್ತದ್ದು ಜೀವಂತ ಬಿಟ್ಟ ಹೋತ ಅಲ್ಲೇನ್ರಿ?” ಎಂದು ಅವರು ನಡುವೆಯೇ ಹಿಡಿದರು. ಅದೇ ಮಾತು! ವಧಿಸಿದ ಹೋತದ ರಕ್ತವು ಶಿಕ್ಷೆಯ ಗುರುತಾಗಿರಲಿಲ್ಲ; ಕಳಂಕವನ್ನು ತೊಳೆಯಲೆಂದು ದೇವರೇ ನೇಮಿಸಿಕೊಟ್ಟ ಪ್ರಾಣವಾಗಿತ್ತು. ಅಡವಿ ಸೇರಿದ ಹೋತ ಮುಂದೆ ಏನಾಯಿತೆಂದು ಅವರು ಮತ್ತೆ ಮತ್ತೆ ಕೇಳಿದರು. ಆ ಅಧ್ಯಾಯ ಅದನ್ನು ಹೇಳುವುದಿಲ್ಲ.

ಸಮಯ ಕಡಿಮೆಯಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಹೋರಿ ಹೋತಗಳ ರಕ್ತದಿಂದ ಪಾಪ ತೊಲಗಲಾರದು, ಕ್ರಿಸ್ತನು ತನ್ನ ಸ್ವರಕ್ತದ ಮೂಲಕ ಒಂದೇ ಸಾರಿ ಪವಿತ್ರಸ್ಥಾನವನ್ನು ಪ್ರವೇಶಿಸಿದನು ಎಂದು ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುತ್ತದೆ. ಆದುದರಿಂದಲೇ ನಮ್ಮಲ್ಲಿ ಪ್ರಾಣಿಬಲಿಯಿಲ್ಲ, ಕ್ರಿಸ್ತನ ರಕ್ತವನ್ನು ನೆನೆದು ಕುಡಿಯುವ ಕರ್ತನ ಭೋಜನದ ಪಾತ್ರೆಯಿದೆ. ಸಿಟ್ಟಿಗೆದ್ದ ತಂದೆಯನ್ನು ಮಗನು ರಕ್ತ ಕೊಟ್ಟು ಒಲಿಸಿಕೊಂಡನೆಂದು ಸಭಾಪಾಲಕರು ದಯವಿಟ್ಟು ಇನ್ನಾದರೂ ಬೋಧಿಸಬಾರದು. ದೇವರು ಕ್ರಿಸ್ತನಲ್ಲಿದ್ದು ಲೋಕವನ್ನು ತನಗೆ ಸಮಾಧಾನಪಡಿಸಿಕೊಂಡನೆಂದು ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 5ನೆಯ ಅಧ್ಯಾಯದಲ್ಲಿದೆ. ಕೊಟ್ಟವನು ದೇವರು. ಇಬ್ರಿಯರ ಪತ್ರಿಕೆಯ 9 ಮತ್ತು 10ನೆಯ ಅಧ್ಯಾಯಗಳನ್ನು ಇಂದು ರಾತ್ರಿ ಮನೆಯವರೆಲ್ಲ ಕುಳಿತು ಗಟ್ಟಿಯಾಗಿ ಓದಿರಿ. ನಮಸ್ಕಾರ.