ಆ ಮಿಕ್ಸರ್‌ನ ಗುಜರಿಗೆ ಹಾಕ್ಬೇಡಿ ಕಣ್ರಪ್ಪ

ಎಲ್ರಿಗೂ ನಮಸ್ಕಾರ, ಮಂಡ್ಯದಿಂದ ಮಾತಾಡ್ತಾ ಇವ್ನಿ. ಹೋದ್ ವಿಡಿಯೋದಲ್ಲಿ ಮ್ಯಾಟ್ರಾಕ್ಸ್ ಆರ್‌ಟಿ 2500 ಅಂತ ವಿಡಿಯೋನ ಕಂಪ್ಯೂಟರಿಗೆ ಇಳ್ಸೋ ಕ್ಯಾಪ್ಚರ್ ಕಾರ್ಡ್ ಇರೋ ಹಳೇ ಎಡಿಟಿಂಗ್ ಸಿಸ್ಟಂ ಒಂದನ್ನ ಎಬ್ಸಿ ಕೂರಿಸಿದ್ನಲ್ಲ, ಅದ್ರ ಕೆಳ್ಗೆ ಒಬ್ಬ ಪುಣ್ಯಾತ್ಮ ಕಾಮೆಂಟ್ ಹಾಕವ್ನೆ. ಇಷ್ಟೆಲ್ಲಾ ಯಾಕಣ್ಣ, ಆನ್‌ಲೈನಲ್ಲಿ ಐನೂರು ರೂಪಾಯಿಗೆ ಯುಎಸ್‌ಬಿ ಡಾಂಗಲ್ ಸಿಗ್ತದೆ, ಕ್ಯಾಸೆಟ್ ಹಾಕು, ಕಾಪಿ ಮಾಡು, ಆ ದೊಡ್ ವಿಡಿಯೋ ಮಿಕ್ಸರ್‌ನ ಗುಜರಿಗೆ ಎಸಿ ಅಂತ. ಅಡ್ಗೆಮನೆ ಮಿಕ್ಸರ್ ಅಲ್ಲ, ಮದುವೆ ವಿಡಿಯೋಗೆ ಎಫೆಕ್ಟ್ ಹಾಕೋ ಸ್ಟುಡಿಯೋ ಪೆಟ್ಟಿಗೆ. ಅದಕ್ಕೆ ಲೈಕ್ ಬೇರೆ ಬಿದ್ದವೆ! ನನ್ ಚಾನೆಲ್ಲಲ್ಲಿ, ನನ್ ವಿಡಿಯೋ ಕೆಳ್ಗೆ.

ನೋಡಪ್ಪ, ಕ್ಯಾಸೆಟ್ ಕಾಪಿ ಮಾಡೋದ್ರಲ್ಲಿ ಕಾರ್ಡು ಕೇಬಲ್ಲು ಎಲ್ಲಾ ಆಮೇಲಿನ ಮಾತು. ಮೊದ್ಲು ಸಿಂಕ್, ಅಂದ್ರೆ ಚಿತ್ರದ ಒಂದೊಂದ್ ಗೆರೇನೂ (ಲೈನು), ಒಂದೊಂದ್ ಫ್ರೇಮೂ ಸರಿಯಾದ್ ಟೈಮಿಗೆ ಬರೋದು. ವಿಸಿಆರ್‌ಗೂ ಕ್ಯಾಪ್ಚರ್ ಕಾರ್ಡ್‌ಗೂ ಮಧ್ಯೆ ಸಿಂಕ್ ಸರಿ ಮಾಡೋ ಪೆಟ್ಟಿಗೆ ಒಂದು ಇರ್ಲೇಬೇಕು. ಇದನ್ನೇ ನಾನು ಎಲ್ಲಾ ವಿಡಿಯೋದಲ್ಲೂ ಬಡ್ಕೊತಾ ಇರೋದು.

ಯಾಕೆ ಅಂತ ಹೇಳ್ತೀನಿ. ನಮ್ ದೇಶದ ಟಿವಿ ಸಿಗ್ನಲ್ಲು ಪಾಲ್ ಅನ್ನೋ ಸಿಸ್ಟಂದು, ಅದ್ರಲ್ಲಿ ಒಂದ್ ಫ್ರೇಮ್‌ಗೆ 625 ಲೈನು, ಸೆಕೆಂಡಿಗೆ 25 ಫ್ರೇಮು, ಒಂದೊಂದ್ ಲೈನಿಗೂ ಸಿಗೋದು 64 ಮೈಕ್ರೋಸೆಕೆಂಡು ಅಷ್ಟೇ. ವಿಸಿಆರ್ ಒಳ್ಗೆ ಟೇಪು ಓದೋ ವಿಎಚ್‌ಎಸ್ ಹೆಡ್ ಡ್ರಮ್ಮು ನಿಮಿಷಕ್ಕೆ 1500 ಸುತ್ತು ಸುತ್ತಬೇಕು. ಈಗ ನಿಮ್ಮ ಚಿಕ್ಕಪ್ಪನ ಮದುವೆ ಕ್ಯಾಸೆಟ್ಟು ಬೀರು ಮೇಲೆ ಬಿದ್ದು ಟೇಪು ಜಗ್ಗೋಗದೆ, ಬೂಷ್ಟು ಹಿಡ್ದದೆ, ವಿಸಿಆರ್ ಬೆಲ್ಟು ಲೂಸಾಗದೆ. ಲೈನು ಒಂದ್ಸಲ ಬೇಗ ಬತ್ತದೆ, ಒಂದ್ಸಲ ತಡ ಬತ್ತದೆ. ಹಳೇ ಡಬ್ಬಾ ಟಿವಿ ಇದನ್ನೆಲ್ಲಾ ಸೈಸ್ಕೊಂಡು ಹೋಗ್ತಿತ್ತು, ಚಿತ್ರ ಸ್ವಲ್ಪ ಅಲ್ಲಾಡುದ್ರೂ ನಾವ್ ನೋಡ್ಕೊಂಡು ಕಡ್ಲೆಕಾಯ್ ತಿಂತಾ ಕೂತಿರ್ತಿದ್ವಿ. ಡಿಜಿಟಲ್ ಚಿಪ್ಪು ಸೈಸಲ್ಲ. ಟೈಮಿಗೆ ಬರ್ಲಿಲ್ವಾ, ಆ ಫ್ರೇಮನ್ನೇ ಬುಟ್ಬುಡ್ತದೆ. ಹಂಗೆ ಬುಟ್ಟು ಬುಟ್ಟು ಧಾರೆ ಹೊತ್ತಿಗೆ ಪುರೋಹಿತ್ರು ತುಟಿ ಒಂದ್ ಕಡೆ ಮಂತ್ರ ಒಂದ್ ಕಡೆ. ಡಾಂಗಲ್ ಹಾಕಿ ಕಾಪಿ ಮಾಡ್ದೋರು ಹೋಗಿ ಕೊನೇ ಹತ್ ನಿಮಿಷ ಪ್ಲೇ ಮಾಡಿ ನೋಡಿ, ಆಮೇಲೆ ಬಂದು ನನ್ಗೆ ಬುದ್ಧಿ ಹೇಳಿ.

ಈಗ ಆ ಮಿಕ್ಸರ್ ವಿಷ್ಯ. ಪಾನಸಾನಿಕ್ ಎಂಎಕ್ಸ್ 50 ಅಂದ್ರೆ ಜನಕ್ಕೆ ನೆನ್ಪಾಗೋದು ಹಾರ್ಟ್ ಶೇಪಲ್ಲಿ ಹುಡುಗ ಹುಡುಗಿ ತೆರ್ಕೊಳೋ ವೈಪು, ಅದೊಂದೇ. ಅದ್ರ ಒಳ್ಗೆ ಎರಡೂ ಚಾನೆಲ್‌ಗೂ ಡಿಜಿಟಲ್ ಫ್ರೇಮ್ ಸಿಂಕ್ರೊನೈಸರ್ ಅದೆ ಕಣ್ರೀ! ವಿಶ್ವೇಶ್ವರಯ್ಯ ನಾಲೆ ನೀರು ಹೆಂಗೆ ಬಂದ್ರೂ ಕಟ್ಟೇಲಿ ನಿಂತು ತೂಬಿನಿಂದ ಅಳತೆಯಾಗಿ ಹೋಯ್ತದಲ್ಲ, ಹಂಗೆ ವಿಸಿಆರ್ ಕೊಟ್ಟಿದ್ದನ್ನ ಮೆಮೊರೀಲಿ ಹಿಡ್ಕೊಂಡು ಹೊಸ ಸಿಂಕ್ ಹಾಕಿ ಆಚೆ ಕಳಿಸ್ತದೆ. ಕಾರ್ಡ್ ನೆಮ್ಮದಿಯಾಗಿ ತಗೊಳ್ತದೆ. ಟಿಬಿಸಿ (ಟೈಮ್ ಬೇಸ್ ಕರೆಕ್ಟರ್, ಸಿಗ್ನಲ್ ಟೈಮ್ ಸರಿ ಮಾಡೋದು) ಅಂತ ಬೇರೆ ಪೆಟ್ಟಿಗೆ ತಗೊಳೋಕೆ ಹೋದ್ರೆ ಮೈ ಉರಿಯೋ ರೇಟು, ಇದು ನಿಮ್ಮೂರ್ ಸ್ಟುಡಿಯೋ ಅಟ್ಟದ ಮೇಲೆ ಧೂಳ್ ತಿಂತಾ ಕೂತದೆ.

ಇದಕ್ಕೂ ಒಬ್ಬ ಮೈಸೂರಿನ ಪಂಡಿತ ಬಂದ. ಸರ್ ಫ್ರೇಮ್ ಸಿಂಕ್ರೊನೈಸರ್ ಬೇರೆ, ಲೈನ್ ಟಿಬಿಸಿ ಬೇರೆ, ಮಿಕ್ಸರ್ ಹಾಕುದ್ರೆ ಚಿತ್ರ ಸಾಫ್ಟ್ ಆಗುತ್ತೆ ಅಂತ. ಗೊತ್ತು ಸಾರ್, ಗೊತ್ತು. ಲೈನು ಹಾವಿನ್ ತರ ಬಳಕಿದ್ರೆ ಅದನ್ನ ನೆಟ್ಟಗೆ ಮಾಡೋಕೆ ಒಳ್ಗೇ ಟಿಬಿಸಿ ಇರೋ ಎಸ್‌ವಿಎಚ್‌ಎಸ್ (ವಿಎಚ್‌ಎಸ್‌ಗಿಂತ ಮೇಲಿನ ದರ್ಜೇದು) ವಿಸಿಆರ್ ಬೇಕು, ಸಿಕ್ಕುದ್ರೆ ಅದನ್ನೂ ಹಾಕಿ, ನಾನೇನ್ ಬೇಡ ಅಂದ್ನಾ? ಸಾಫ್ಟ್ ಅಂತೆ. ವಿಎಚ್‌ಎಸ್‌ನಲ್ಲಿ ಸಾಫ್ಟ್ ಆಗೋಕೆ ಇನ್ನೇನ್ ಉಳ್ದದೆ ಸಾರ್! ಮುಖ ಸ್ವಲ್ಪ ಮಂಜಾದ್ರೂ ಪರ್ವಾಗಿಲ್ಲ, ಸಿಂಕ್ ಇರ್ಬೇಕು.

ಇನ್ ರಿಪೇರಿ. ಹಳೇ ಮಿಕ್ಸರ್ ತಂದ್ ತಕ್ಷಣ ಪ್ಲಗ್ ಚುಚ್ಚಬೇಡಿ, ಕೈ ಮುಗೀತೀನಿ. ಪವರ್ ಸಪ್ಲೈ ಬಿಚ್ಚಿ ಮೀನ್ ವಾಸ್ನೆ ಬತ್ತದಾ ನೋಡಿ, ಬಂದ್ರೆ ಕೆಪಾಸಿಟರ್ ಸೋರದೆ ಅಂತ ಅರ್ಥ. ಅದೇ ವೋಲ್ಟು ಅದೇ ಮೈಕ್ರೋಫ್ಯಾರಡ್, 105 ಡಿಗ್ರಿ ಬಿಸಿ ತಡ್ಕೊಳೋದು, ಲೋ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಮ್ಮಿ ಇರೋದು) ಹಾಕಿ, ಪ್ಲಸ್ಸು ಮೈನಸ್ಸು ನೋಡ್ಕೊಂಡು. ಸೋರಿರೋ ಜಾಗಾನ ಐಪಿಎ (ಐಸೋಪ್ರೊಪೈಲ್ ಆಲ್ಕೋಹಾಲ್) ಹಾಕಿ ಬ್ರಷ್ಷಲ್ಲಿ ಉಜ್ಜಿ. ಮಂಡ್ಯದಲ್ಲಿ ಸಿಗ್ದಿದ್ರೆ ಬೆಂಗಳೂರು ಎಸ್‌ಪಿ ರೋಡು, ಪ್ಯಾಸೆಂಜರ್ ಟ್ರೈನಿಗೆ ಹೋಗ್ಬುಟ್ಟು ಬನ್ನಿ. ಕಂಪ್ಯೂಟರ್ ಸೈಡಲ್ಲಿ ಮದರ್‌ಬೋರ್ಡ್ ಸೆಲ್ಲು ಸತ್ತಿರ್ತದೆ, ಸಿಆರ್ 2032, ಬದಲಾಯ್ಸಿ. ಹಾರ್ಡ್ ಡಿಸ್ಕ್ ಫಾರ್ಮ್ಯಾಟು ಫ್ಯಾಟ್ 32 ಇದ್ರೆ ಒಂದ್ ಫೈಲು 4 ಜಿಬಿ ಮೇಲೆ ಹೋಗಲ್ಲ, ಡಿವಿ (ಡಿಜಿಟಲ್ ವಿಡಿಯೋ) ಫೈಲಾದ್ರೆ ಗಂಟೆಗೆ ಸುಮಾರು 13 ಜಿಬಿ, ಹಂಗಾಗಿ ಎನ್‌ಟಿಎಫ್‌ಎಸ್ ಮಾಡ್ಕೊಳಿ.

ಕನೆಕ್ಷನ್ ಹಿಂಗೆ: ವಿಸಿಆರ್ ವಿಡಿಯೋ ಔಟಿಂದ ಮಿಕ್ಸರ್ ಇನ್‌ಪುಟ್ಟಿಗೆ, ಮಿಕ್ಸರ್ ಔಟಿಂದ ಕಾರ್ಡಿನ ಕನೆಕ್ಟರ್ ಡಬ್ಬಿಗೆ. ಎಸ್ ವಿಡಿಯೋ ಇದ್ರೆ ಅದೇ ಹಾಕಿ. ಕೇಬಲ್ 75 ಓಮ್‌ದು, ಸ್ಪೀಕರ್ ವೈರ್ ಅಲ್ಲ. ಚಿತ್ರ ಬೆಳ್ಳಗೆ ಸುಟ್ಟಂಗೆ ಬಂದ್ರೆ ಟರ್ಮಿನೇಷನ್ (ಕೇಬಲ್ ಕೊನೇಲಿ ಹಾಕೋ 75 ಓಮ್ ರೆಸಿಸ್ಟರ್) ಇಲ್ಲ, ಮಂಕಾಗಿ ಬಂದ್ರೆ ಎರಡ್ ಕಡೆ ಆಗದೆ. ಇಷ್ಟಕ್ಕೇ ಕಾರ್ಡ್ ಹೋಗದೆ ಅಂತ ಎಸೆಯೋರು ಅವ್ರೆ ನಮ್ಮಲ್ಲಿ! ಕಾರ್ಡ್ ಹೋಗಿಲ್ಲ ಸ್ವಾಮಿ, ಸಿಂಕ್ ಕೊಟ್ಟಿಲ್ಲ ನೀವು.

ಹಾಂ, ಮಧ್ಯದಲ್ಲೇ ಹೇಳ್ಬುಡ್ತೀನಿ, ಇನ್ನೂ ಸಬ್‌ಸ್ಕ್ರೈಬ್ ಆಗ್ದೆ ಪುಗಸಟ್ಟೆ ನೋಡ್ತಿರೋರು ಆ ಬಟನ್ ಒತ್ತಿ, ಮೆಂಬರ್ ಆದ್ರೆ ಸೋಲ್ಡರಿಂಗ್ ವಿಡಿಯೋ ಒಂದ್ ದಿನ ಮುಂಚೆ ಸಿಗ್ತದೆ. ನಮ್ಮನೇವ್ರು ಕೇಳ್ತಾವ್ರೆ, ಈ ಕಬ್ಬಿಣದ ಅಂಗಡಿ ಯಾವಾಗ ಖಾಲಿ ಮಾಡ್ತೀಯಾ ಅಂತ. ಮೆಂಬರ್‌ಗಳು ಹೆಚ್ಚಾದ್ರೆ ಬೇರೆ ಮಳಿಗೆ ಹಿಡೀತೀನಿ ಅಂದಿವ್ನಿ, ನನ್ ಮರ್ಯಾದೆ ನಿಮ್ ಕೈಲದೆ.

ಎಲ್ಲಿದ್ದೆ... ಸಿಂಕ್. ಇನ್ನೊಬ್ಬ ಹೇಳ್ತಾನೆ, ಅಮೆರಿಕದವ್ರು ಅಮಿಗಾ ಕಂಪ್ಯೂಟರಲ್ಲೇ ಎಲ್ಲಾ ಮಾಡ್ತಿದ್ರು, ವಿಡಿಯೋ ಟೋಸ್ಟರ್ ಅಂತ ಕಾರ್ಡ್ ಇತ್ತು, ಅವ್ರಿಗೆಲ್ಲಿತ್ತು ಪೆಟ್ಟಿಗೆ ಅಂತ. ಅಯ್ಯೋ ರಾಮ! ಅದು 1990ರಲ್ಲಿ ನ್ಯೂಟೆಕ್‌ನವ್ರು ತಂದಿದ್ದು, ಅಮೆರಿಕದ ಟಿವಿ ಸಿಸ್ಟಂ ಎನ್‌ಟಿಎಸ್‌ಸಿಗೆ ಮಾತ್ರ, ನಮ್ ಪಾಲ್‌ಗೆ ನಡೀತಾನೇ ಇರ್ಲಿಲ್ಲ. ಆ ಟೋಸ್ಟರ್‌ಗೂ ವಿಸಿಆರ್ ಕೊಡ್ಬೇಕಾದ್ರೆ ಒಂದೊಂದಕ್ಕೂ ಟಿಬಿಸಿ ಹಾಕ್ಲೇಬೇಕಿತ್ತು! ಅವ್ರಿಗೇ ಬೇಕಿತ್ತಂತೆ, ನಿನ್ ಐನೂರ್ ರೂಪಾಯಿ ಡಾಂಗಲ್‌ಗೆ ಬೇಡ್ವಾ? ಏನ್ಲಾ ಅದು, ಮನುಷ್ಯ ಮಾತಾಡೋ ಮಾತಾ?

ಎಐ ಸರಿ ಮಾಡ್ತದೆ ಅಂತ ಬರ್ದೋರೂ ಅವ್ರೆ. ಮಾಡ್ಸಿ. ಮಾಡ್ಸಿ ಸ್ವಾಮಿ. ಕಾಪಿ ಆಗ್ದೆ ಬಿಟ್ಟೋಗಿರೋ ಫ್ರೇಮಿಗೆ ಅದು ನಿಮ್ ಅಜ್ಜಿಗೆ ಬದ್ಲು ಯಾರ್ದೋ ಅಜ್ಜಿ ಮುಖ ಬರ್ದು ಕೊಡ್ತದೆ, ಫ್ರೇಮ್ ಹಾಕ್ಸಿ ಗೋಡೆಗೆ ನೇತಾಕಿ. ನಾನ್ ಹೇಳೋದ್ ಒಂದೇ, ಸಿಂಕ್! ಸಿಂಕ್ ಕಣ್ರಯ್ಯಾ! ಕಾರಣ ಎಲ್ಲಾ ಹೇಳಾಯ್ತು, ಇನ್ ಕಾರಣ ಗೀರಣ ಏನಿಲ್ಲ, ಮಿಕ್ಸರ್ ಇಲ್ದೆ ಕ್ಯಾಸೆಟ್ ಕಾಪಿ ಮಾಡೋರ್ ಜೊತೆ ನಾನ್ ಟೀನೂ ಕುಡಿಯಲ್ಲ.

ಮುಂದಿನ್ ವಾರ ವಿಸಿಆರ್ ಬೆಲ್ಟ್ ಹಾಕೋದ್ ತೋರಿಸ್ತೀನಿ, ಕರೆಂಟ್ ಇದ್ರೆ. ಮದ್ದೂರು, ಪಾಂಡವಪುರ, ಕೆ.ಆರ್. ಪೇಟೆ ಕಡೆ ಯಾರ್ದಾದ್ರೂ ಸ್ಟುಡಿಯೋ ಅಟ್ಟದಲ್ಲಿ ಎಂಎಕ್ಸ್ 50 ಬಿದ್ದಿದ್ರೆ ಕಾಮೆಂಟ್ ಹಾಕಿ, ಗುಜರಿಯವ್ನಿಗೆ ಕೆಜಿ ಲೆಕ್ಕದಲ್ಲಿ ಕೊಡ್ಬೇಡಿ, ಅವ್ನು ಕೊಡೋದಕ್ಕಿಂತ ಜಾಸ್ತಿ ಕೊಡ್ತೀನಿ, ಗಾಡಿ ತಗೊಂಡು ನಾನೇ ಬತ್ತೀನಿ. ಅಡಾಪ್ಟರ್ ಕೇಬಲ್ ಇದ್ರೆ ಅದನ್ನೂ ಇಟ್ಟಿರಿ.