ಕೊ, ಬೊ, ಗೋ

ಕೇಳುಗರಿಗೆ ನಮಸ್ಕಾರ. ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡ್ತೀನಿ. ಕೊಬೊಗೋ. ಕೊನೇ ಅಕ್ಷರಕ್ಕೆ ಒತ್ತು ಕೊಟ್ಟು ಹೇಳ್ಬೇಕು, ಕೊಬೊಗೋ.

ಬ್ರೆಜಿಲ್‌ನ ಪೋರ್ಚುಗೀಸ್ ಪದ ಇದು, ಆದ್ರೆ ಲಿಸ್ಬನ್‌ನಿಂದ ಹಡಗು ಹತ್ತಿ ಬಂದಿದ್ದಲ್ಲ. 1929ರ ಸುಮಾರಿಗೆ ರೆಸಿಫೆ ಊರಲ್ಲಿ ಕೊಯಿಂಬ್ರ, ಬೋಕ್‌ಮನ್, ಗೋಯಿಸ್ ಅನ್ನೋ ಮೂರು ಜನ ಸೇರಿ ತೂತು ತೂತಿನ ಸಿಮೆಂಟ್ ಬ್ಲಾಕ್ ಮಾಡಿದ್ರು, ಅದಕ್ಕೊಂದು ಹೆಸರು ಬೇಕಿತ್ತಲ್ಲ, ತಮ್ತಮ್ಮ ಮನೆತನದ ಹೆಸರಿನ ಮೊದಲ ತುಂಡು ತೆಗೆದು ಜೋಡಿಸಿಬಿಟ್ರು. ಕೊ, ಬೊ, ಗೋ. ಅಷ್ಟೇ, ಅದಕ್ಕೂ ಹಿಂದೆ ಈ ಪದಕ್ಕೆ ಬೇರೇನೂ ಇಲ್ಲ.

ರೆಸಿಫೆ ಸಮುದ್ರದ ದಂಡೆ ಊರು, ವರ್ಷಪೂರ್ತಿ ಸೆಕೆ. ಗಟ್ಟಿ ಗೋಡೆ ಕಟ್ಟಿದ್ರೆ ಒಳಗೆ ಬೇಯ್ತೀವಿ, ಈ ಬ್ಲಾಕಿಟ್ರೆ ಬಿಸಿಲು ಮುರಿದು ಬರುತ್ತೆ, ಗಾಳಿ ಮಾತ್ರ ಸಲೀಸಾಗಿ ಬರುತ್ತೆ. ಪಕ್ಕದ ಒಲಿಂಡದಲ್ಲಿ 1930ರ ದಶಕದಲ್ಲಿ ಕಟ್ಟಿದ ನೀರಿನ ಟ್ಯಾಂಕಿನ ಕಟ್ಟಡಕ್ಕೆ ಮುಂಭಾಗ ಪೂರ್ತಿ ಇದೇ. ಆಮೇಲೆ ದೊಡ್ಡ ದೊಡ್ಡ ಆರ್ಕಿಟೆಕ್ಟ್‌ಗಳು ಕೈಗೆತ್ಕೊಂಡ್ರು, ರಾಜಧಾನಿ ಬ್ರೆಸೀಲಿಯಾದ ಅಪಾರ್ಟ್‌ಮೆಂಟ್‌ಗಳಲ್ಲೂ ಒಣಗಾಕಿದ ಬಟ್ಟೆ ಮರೆಮಾಡೋದು ಈ ಗೋಡೆಯೇ.

ಆದ್ರೆ ನಂಗೆ ಈ ಪದ ಅಂದ್ರೆ ರಿಯೋದ ಉಪನಗರ. ಮೆಯೆರ್, ಮದುರೇರ, ರೈಲು ಹಳಿ ಪಕ್ಕ ಬೆಳೆದ ದುಡಿಯೋರ ಬಡಾವಣೆಗಳು, ಅಲ್ಲಿ ಮನೆ ಹಿಂದೆ ಬಟ್ಟೆ ಒಗೆಯೋ ಸಿಮೆಂಟ್ ತೊಟ್ಟಿ, ಅದರ ಪಕ್ಕ ಕೊಬೊಗೋ ಗೋಡೆ. ಸಂಜೆ ನಾಲ್ಕಕ್ಕೆ ಬಿಸಿಲು ಅದರೊಳಗಿಂದ ತೂರಿ ಒದ್ದೆ ನೆಲದ ಮೇಲೆ ರಂಗೋಲಿ ಚುಕ್ಕಿ ಥರ ಬೀಳುತ್ತೆ, ಪಕ್ಕದ ಮನೆಯವರ ಮಾತು ಕೇಳ್ಸುತ್ತೆ, ಮುಖ ಕಾಣ್ಸಲ್ಲ. ಬ್ಲಾಕ್ ಮಾರೋಕೆ ಇಟ್ಟ ಹೆಸರು ಈ ಎಲ್ಲಾನೂ ಹೊತ್ಕೊಂಡು ಓಡಾಡುತ್ತಲ್ಲ, ಅದೇ ನಂಗೆ ತುಂಬಾ ಇಷ್ಟ.

ಚಾವಿ ಅನ್ನೋ ಪದ ಪೋರ್ಚುಗೀಸರಿಂದ ನಮಗೆ ಬಂತು, ಇದು ಬರೋಕೆ ಆಗಿನ್ನೂ ಹುಟ್ಟೇ ಇರ್ಲಿಲ್ಲ. ನಮಗೆ ನಮ್ಮದೇ ಪದ ಇದೆ, ಜಾಳಂದ್ರ, ಬೇಲೂರು ಗುಡೀಲಿ ಕಲ್ಲಲ್ಲೇ ಇದೆ ನೋಡಿ. ನಮ್ಮನೆ ಮೆಟ್ಟಿಲ ಪಕ್ಕ ಇರೋದು ಹಳೇ ಸಿಮೆಂಟ್ ಜಾಲಿ, ನಾಲ್ಕು ಎಸಳಿನ ಹೂವಿನ ಡಿಸೈನು, ತೂತಲ್ಲಿ ಕೂತ ಧೂಳು ತೆಗೆಯೋಕೆ ಹಳೇ ಟೂತ್‌ಬ್ರಷ್ಷೇ ಬೇಕು. ಈ ಕಥೆ ಹೇಳಿದ್ಮೇಲೆ ಅಮ್ಮ ಅದನ್ನ ಜಾಲಿ ಅನ್ನೋದೇ ಬಿಟ್ಟಿದ್ದಾರೆ. ನಿನ್ನೆ ಕೂಡ, "ಮಳೆ ಬರೋ ಹಂಗಿದೆ, ಟವೆಲ್ ತೆಗೆದು ಕೊಬೊಗೋ ಹತ್ರ ಹಾಕು" ಅಂದ್ರು.