ಲೀಡ್ ಹೋಯ್ತು, ಕಮಿಷನ್ ಬರಲಿಲ್ಲ: ಪೋಸ್ಟ್‌ಬ್ಯಾಕ್ ಹಾಕುವುದು ಹೇಗೆ?

[ದೃಶ್ಯ: ಚಿಕ್ಕಮಗಳೂರು ಬಸ್ ಸ್ಟ್ಯಾಂಡ್, ಶನಿವಾರ ಬೆಳಿಗ್ಗೆ, ಆಟೋಗಳ ಸಾಲು]

ನಮಸ್ಕಾರ. ಮುಳ್ಳಯ್ಯನಗಿರಿ ನೋಡಲು ಬಂದವರನ್ನು ಆಟೋ ಅಣ್ಣ ಒಂದು ಹೋಮ್‌ಸ್ಟೇಗೆ ಕಳಿಸುತ್ತಾರೆ ಅಂದುಕೊಳ್ಳಿ. ರೂಮ್ ಬುಕ್ ಆದರೆ ಅವರಿಗೆ ಕಮಿಷನ್. ಆದರೆ "ಇವರನ್ನು ಕಳಿಸಿದ್ದು ನಾನೇ" ಅಂತ ತೋರಿಸುವುದು ಹೇಗೆ? ಲಿಂಕ್ ಮೂಲಕ ಗಿರಾಕಿ ಕಳಿಸಿ ಕಮಿಷನ್ ಪಡೆಯುವ ಅಫಿಲಿಯೇಟ್ ಮಾರ್ಕೆಟಿಂಗ್‌ನಲ್ಲೂ ತಕರಾರು ಇದೇ, ಅಲ್ವಾ?

ಅಣ್ಣ ಗೆಸ್ಟ್ ಕೈಗೆ 47 ಅಂತ ಬರೆದ ಚೀಟಿ ಕೊಟ್ಟರು. ಬುಕ್ ಮಾಡಿದ ಮೇಲೆ ಆ ಗೆಸ್ಟೇ ವಾಪಸ್ ಬಂದು ಹೇಳಲಿ ಅಂತ ಕಾದರೆ ಆಗುತ್ತಾ? ಬ್ರೌಸರ್ ಪಿಕ್ಸೆಲ್ (ಬುಕ್ ಆದಾಗ ಗೆಸ್ಟ್‌ನ ಬ್ರೌಸರ್‌ನಿಂದಲೇ ಸುದ್ದಿ ಕಳಿಸುವ ಪುಟ್ಟ ಕೋಡ್) ನಂಬಿ ಕೂರುವುದೂ ಹೀಗೆಯೇ. ಸುದ್ದಿ ತರುವ ಕೆಲಸ ಗೆಸ್ಟ್‌ನ ಫೋನಿನದ್ದು. ಅದರಲ್ಲಿ ಆ್ಯಡ್ ಬ್ಲಾಕರ್ ಇದ್ದರೆ ಕಥೆ ಮುಗಿಯಿತು. ಸಫಾರಿ ಬ್ರೌಸರ್ ಅಂತೂ 2020ರ ಮಾರ್ಚ್‌ನಿಂದ ಥರ್ಡ್ ಪಾರ್ಟಿ ಕುಕೀಗಳನ್ನು (ಬೇರೆ ಸೈಟಿನವರು ಬ್ರೌಸರ್‌ನಲ್ಲಿ ಇಡುವ ಗುರುತುಗಳನ್ನು) ಪೂರ್ತಿ ತಡೆಯುತ್ತಿದೆ. ಐಫೋನ್ ಹಿಡಿದು ಬರುವ ಬೆಂಗಳೂರಿನವರ ಲೀಡ್ (ಎನ್‌ಕ್ವೈರಿ ಅಥವಾ ಬುಕಿಂಗ್) ಎಲ್ಲಿ ಹೋಯಿತು ಅಂತ ಈಗ ಗೊತ್ತಾಯಿತಲ್ಲ.

ಅದರ ಬದಲು ಹೋಮ್‌ಸ್ಟೇಯವರೇ ಫೋನ್ ಮಾಡಿ "47ನೇ ಚೀಟಿಯವರು ಬುಕ್ ಮಾಡಿದ್ರು ಮಾರಾಯ" ಅಂದರೆ? ಅದೇ ಪೋಸ್ಟ್‌ಬ್ಯಾಕ್. ಸರ್ವರ್ ಸೀದಾ ಸರ್ವರ್ ಜೊತೆ ಮಾತಾಡುತ್ತದೆ.

[ಸ್ಕ್ರೀನ್ ರೆಕಾರ್ಡಿಂಗ್]

ಯಾರಾದರೂ ನಿಮ್ಮ ಲಿಂಕ್ ಒತ್ತಿದ ತಕ್ಷಣ ಟ್ರ್ಯಾಕರ್ (ಕ್ಲಿಕ್, ಲೀಡ್ ಲೆಕ್ಕ ಇಡುವ ನಿಮ್ಮ ಸಾಫ್ಟ್‌ವೇರ್) ಒಂದು ಕ್ಲಿಕ್ ಐಡಿ ಕೊಡುತ್ತದೆ. ಅದೇ ನಮ್ಮ 47ರ ಚೀಟಿ. ಅದು ಲ್ಯಾಂಡಿಂಗ್ ಪೇಜ್ (ಲಿಂಕ್ ಒತ್ತಿದವರು ತಲುಪುವ ಪುಟ) ಯುಆರ್‌ಎಲ್‌ನ ಬಾಲದಲ್ಲಿ ಕೂರುತ್ತದೆ. ಆ ಕಡೆಯವರು, ಅಂದರೆ ಹೋಮ್‌ಸ್ಟೇ ಸೈಟಿನವರು, ಅದನ್ನು ಫಾರ್ಮಿನ ಹಿಡನ್ ಫೀಲ್ಡ್‌ಗೆ (ಕಣ್ಣಿಗೆ ಕಾಣದ ಖಾನೆಗೆ) ತುಂಬಿ, ಲೀಡ್ ಜೊತೆ ಡೇಟಾಬೇಸ್‌ನಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ಅವರ ಸರ್ವರ್ ಅದೇ ಐಡಿ ಹಾಕಿ ನಿಮ್ಮ ಪೋಸ್ಟ್‌ಬ್ಯಾಕ್ ಯುಆರ್‌ಎಲ್ ಕರೆಯುತ್ತದೆ. ಜೊತೆಗೆ ಲೀಡ್ ನಂಬರ್, ಪೇಔಟ್ (ಕಮಿಷನ್ ಮೊತ್ತ), ಸ್ಟೇಟಸ್. ಒಬ್ಬರು 'ಕ್ಲಿಕ್ ಐಡಿ' ಅನ್ನುವುದನ್ನು ಇನ್ನೊಬ್ಬರು 'ಸಬ್ 1' ಅನ್ನುತ್ತಾರೆ, ಹೆಸರು ನೋಡಿಕೊಳ್ಳಿ.

ನನ್ನ ಕಥೆ ಕೇಳಿ. ಒಂದು ವಾರ ಕ್ಲಿಕ್ ಬಂತು, ಆ ಕಡೆ ಎನ್‌ಕ್ವೈರಿಯೂ ಹೋಯಿತು, ನನ್ನ ಟ್ರ್ಯಾಕರ್‌ನಲ್ಲಿ ಮಾತ್ರ ಸೊನ್ನೆ. ಪೋಸ್ಟ್‌ಬ್ಯಾಕ್ ಯುಆರ್‌ಎಲ್ ಅನ್ನು ಹತ್ತು ಸಲ ತಿದ್ದಿದೆ. ಸುಮ್ನೆ ದಂಡ! ಅವರ ಸೈಟು ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಇಲ್ಲದ ವಿಳಾಸದಿಂದ ಇರುವ ವಿಳಾಸಕ್ಕೆ ರೀಡೈರೆಕ್ಟ್ ಆಗುವಾಗ ಆ ಬಾಲವೇ ಕಟ್ ಆಗುತ್ತಿತ್ತು. ಚೀಟಿ ದಾರಿಯಲ್ಲೇ ಬಿದ್ದುಹೋಗಿತ್ತು. ಅಂದಿನಿಂದ ಆ ಕಡೆಯವರನ್ನು ನಾನು ಮೊದಲು ಕೇಳುವುದು ಒಂದೇ: ಐಡಿ ನಿಮ್ಮ ಡೇಟಾಬೇಸ್‌ವರೆಗೂ ಬಂದಿದೆಯಾ?

ಬಂದಿದ್ದರೆ ನಿಮ್ಮದೇ ಲಿಂಕ್ ಒತ್ತಿ, ಟೆಸ್ಟ್ ಲೀಡ್ ಹಾಕಿ, ಲಾಗ್ ನೋಡಿ. ಸರ್ವರ್‌ನ ಉತ್ತರದಲ್ಲಿ 200 ಅನ್ನುವ ಕೋಡ್ ಕಂಡಿತು ಅಂತ ಕುಣಿಯಬೇಡಿ. ಫೋನ್ ಎತ್ತಿದರು ಅಂತಷ್ಟೇ ಅದರ ಅರ್ಥ. ಐಡಿ ತಪ್ಪಿದ್ದರೂ 200 ಕೊಡುವ ಟ್ರ್ಯಾಕರ್‌ಗಳಿವೆ. ಲೀಡ್ ಯಾವ ಕ್ಲಿಕ್‌ಗೆ ಕೂತಿತು ಅಂತ ರಿಪೋರ್ಟ್‌ನಲ್ಲೇ ನೋಡಬೇಕು.

ಉತ್ತರ ಸಿಗದಿದ್ದರೆ ಅವರ ಸರ್ವರ್ ಮತ್ತೆ ಕರೆಯಬಹುದು, ಒಂದೇ ಲೀಡ್ ಎರಡು ಸಲ ಬೀಳಬಹುದು. ಲೀಡ್ ನಂಬರ್ ಕೂಡ ಬರಬೇಕು ಅಂದಿದ್ದು ಇದಕ್ಕೇ: ಅದೇ ನಂಬರ್ ಮತ್ತೆ ಬಂದರೆ ಹಳೇ ಲೀಡೇ ಅಂತ ಗೊತ್ತಾಗುತ್ತದೆ. ಇನ್ನು ಯುಆರ್‌ಎಲ್ ಗೊತ್ತಿದ್ದ ಯಾರು ಬೇಕಾದರೂ ಸುಳ್ಳು ಲೀಡ್ ತಳ್ಳಬಹುದು, ಹಾಗಾಗಿ ಒಂದು ಸೀಕ್ರೆಟ್ ಟೋಕನ್ (ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಕೋಡ್) ಸೇರಿಸಿ. ಗೆಸ್ಟ್ ಹೆಸರು, ಫೋನ್ ನಂಬರ್ ಮಾತ್ರ ಪೋಸ್ಟ್‌ಬ್ಯಾಕ್‌ಗೆ ಹಾಕಲೇಬೇಡಿ. ಯುಆರ್‌ಎಲ್‌ನಲ್ಲಿ ಹೋದದ್ದೆಲ್ಲ ಯಾವುದಾದರೊಂದು ಲಾಗ್‌ನಲ್ಲಿ ಉಳಿಯುತ್ತದೆ.

ಆ ಕಡೆಯ ಡೆವಲಪರ್‌ಗೆ ನಾನು ಕಳಿಸುವ ಮೆಸೇಜ್ ಡಿಸ್ಕ್ರಿಪ್ಷನ್‌ನಲ್ಲಿದೆ. ವಿಳಾಸ ಬದಲಾಯಿಸಿಕೊಂಡು ಕಳಿಸಿ.